ಅಮೆರಿಕದ ಲೈಸೆನ್ಸ್ ಅಮಾನತು ಮತ್ತು ಎಸ್‌ಆರ್-22ರ ಮೂರು ವರ್ಷದ ಕಾವಲು

2025ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ವಾಹನ ವಿಮೆಯ ಕನಿಷ್ಠ ಮಿತಿ ಏರಿತು. ಅಪಘಾತದಲ್ಲಿ ಒಬ್ಬರು ಗಾಯಗೊಂಡರೆ ಅಥವಾ ಸತ್ತರೆ 15 ಸಾವಿರ ಡಾಲರ್ ಇದ್ದದ್ದು 30 ಸಾವಿರವಾಯಿತು. ಹೆಚ್ಚು ಮಂದಿಗೆ ಪೆಟ್ಟಾದರೆ ಒಟ್ಟು 30 ಸಾವಿರ ಇದ್ದದ್ದು 60 ಸಾವಿರವಾಯಿತು. ಇನ್ನೊಬ್ಬರ ಆಸ್ತಿ ಹಾಳಾದರೆ 5 ಸಾವಿರ ಇದ್ದದ್ದು 15 ಸಾವಿರವಾಯಿತು. ಹಳೆಯ ಅಂಕಿಗಳು 1967ರಿಂದ ಕದಲಿರಲಿಲ್ಲ. ಪ್ರೀಮಿಯಂ ಏರಿತೆಂದು ಗೊಣಗಿದವರೂ ಒಂದು ಮಾತನ್ನು ಒಪ್ಪಬೇಕು: ಈಗಿನ ಅಮೆರಿಕದ ಆಸ್ಪತ್ರೆ ಬಿಲ್ಲಿನ ಮುಂದೆ 15 ಸಾವಿರ ಡಾಲರ್ ಎಲ್ಲಿಗೂ ಸಾಲುವ ದುಡ್ಡಲ್ಲ.

ಏರಿಕೆ ಎಲ್ಲರನ್ನೂ ತಟ್ಟಿತು. ಆದರೆ ದುಬಾರಿಯಾಯಿತೆಂದು ಕಂಪನಿ ಬದಲಿಸಲೂ ಹತ್ತು ಸಲ ಯೋಚಿಸಬೇಕಾದ, ಕಾರನ್ನು ಕೆಲವು ತಿಂಗಳು ನಿಲ್ಲಿಸಿ ವಿಮೆ ಬಿಟ್ಟುಬಿಡುತ್ತೇನೆ ಎನ್ನಲೂ ಆಗದ ಒಂದು ವರ್ಗವಿದೆ. ಲೈಸೆನ್ಸ್ ಒಮ್ಮೆ ಅಮಾನತಾಗಿ, ಅದನ್ನು ಮರಳಿ ಪಡೆಯಲು ‘ಎಸ್‌ಆರ್-22’ ಎಂಬ ಕಾಗದದ ಷರತ್ತಿಗೆ ಒಳಗಾದವರು ಅವರು. ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಈ ಕಾಗದ ಹೊರತಲ್ಲ. ಕನ್ನಡ ಕೂಟದ ಯುಗಾದಿ ಊಟದಲ್ಲಿ ಬಾಯಿಬಿಟ್ಟು ಹೇಳಿಕೊಳ್ಳುವ ವಿಷಯ ಇದಲ್ಲವಾದ್ದರಿಂದ, ಇದರ ಬಗ್ಗೆ ಅರೆಬರೆ ತಿಳಿವಳಿಕೆಯೇ ಹೆಚ್ಚು ಓಡಾಡುತ್ತದೆ.

ಮೊದಲ ತಪ್ಪು ತಿಳಿವಳಿಕೆ ಎಂದರೆ ಇದೊಂದು ಬಗೆಯ ವಿಮೆ ಎಂಬುದು. ಅಂತರ್ಜಾಲದಲ್ಲಿ ಹುಡುಕಿದರೆ ‘ಅಗ್ಗದ ಎಸ್‌ಆರ್-22 ವಿಮೆ’ ಎಂಬ ಜಾಹೀರಾತುಗಳೇ ಎದುರಾಗುತ್ತವೆ. ಹಾಗೊಂದು ವಿಮೆ ಎಲ್ಲೂ ಇಲ್ಲ. ‘ಈ ವ್ಯಕ್ತಿಗೆ ಕಾನೂನು ಹೇಳುವಷ್ಟು ಹೊಣೆಗಾರಿಕೆ ವಿಮೆ ನಮ್ಮಲ್ಲಿ ಚಾಲ್ತಿಯಲ್ಲಿದೆ, ಅದು ರದ್ದಾದರೆ ನಿಮಗೆ ತಿಳಿಸುತ್ತೇವೆ’ ಎಂದು ವಿಮಾ ಕಂಪನಿಯು ರಾಜ್ಯದ ಮೋಟಾರು ವಾಹನ ಇಲಾಖೆಗೆ (ಡಿಎಂವಿ) ಬರೆದುಕೊಡುವ ಮುಚ್ಚಳಿಕೆ ಇದು. ಇದರ ಹಿಂದಿರುವುದು ಎಲ್ಲರೂ ಕೊಳ್ಳುವ ಸಾಮಾನ್ಯ ಪಾಲಿಸಿಯೇ. ಮುಚ್ಚಳಿಕೆಯ ಮೊದಲರ್ಧ ಯಾರಿಗೂ ತೊಂದರೆ ಕೊಡುವುದಿಲ್ಲ. ಇಡೀ ವ್ಯವಸ್ಥೆಯ ಬಿಗಿ ಇರುವುದು ಎರಡನೇ ಅರ್ಧದಲ್ಲಿ. ನಮ್ಮಲ್ಲಿ ಜಾಮೀನು ಪಡೆದ ಆರೋಪಿ ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕಬೇಕೆಂಬ ಷರತ್ತು ಇರುತ್ತದಲ್ಲ, ಇಲ್ಲಿ ಆ ಸಹಿಯನ್ನು ಚಾಲಕನ ಪರವಾಗಿ ಖಾಸಗಿ ಕಂಪನಿ ಹಾಕುತ್ತಿರುತ್ತದೆ. ಸಹಿ ನಿಂತ ದಿನ ಲೈಸೆನ್ಸ್ ಮತ್ತೆ ಅಮಾನತಾಗುತ್ತದೆ.

ಯಾರಿಗೆ ಈ ಷರತ್ತು ಬೀಳುತ್ತದೆ? ಕುಡಿದು ವಾಹನ ಓಡಿಸಿ ಸಿಕ್ಕಿಬಿದ್ದವರೇ ಎಲ್ಲರ ಕಣ್ಣಿಗೆ ಕಾಣುವವರು. ಆದರೆ ವಿಮೆಯಿಲ್ಲದೆ ಅಪಘಾತಕ್ಕೆ ಸಿಲುಕಿದವರು, ಅಮಾನತಾದ ಲೈಸೆನ್ಸಿನಲ್ಲೇ ಓಡಿಸಿದವರು, ನ್ಯಾಯಾಲಯ ವಿಧಿಸಿದ ಅಪಘಾತ ಪರಿಹಾರ ಕಟ್ಟದವರು ಕೂಡ ಇದೇ ಸಾಲಿನಲ್ಲಿ ನಿಲ್ಲುತ್ತಾರೆ. ಕ್ಯಾಲಿಫೋರ್ನಿಯಾದ ನಿಯಮವನ್ನು ನೋಡಿ. ಅಪಘಾತದಲ್ಲಿ ಯಾರಿಗಾದರೂ ಸಣ್ಣ ಗಾಯವಾದರೂ, ಅಥವಾ ಆಸ್ತಿ ನಷ್ಟ 1,000 ಡಾಲರ್ ದಾಟಿದರೂ, 10 ದಿನದೊಳಗೆ ‘ಎಸ್‌ಆರ್-1’ ಎಂಬ ನಮೂನೆಯನ್ನು ಡಿಎಂವಿಗೆ ಕೊಡಬೇಕು. ಪೊಲೀಸರು ಬರೆದುಕೊಂಡರೆ ಮುಗಿಯಿತು ಎಂದು ಸುಮ್ಮನಿರುವಂತಿಲ್ಲ. ಅಪಘಾತದ ಹೊತ್ತಿಗೆ ನಿಮಗೆ ವಿಮೆ ಇರಲಿಲ್ಲವೆಂದು ಕಂಡರೆ, ತಪ್ಪು ಎದುರಿನವರದೇ ಆಗಿದ್ದರೂ, ಲೈಸೆನ್ಸ್ ನಾಲ್ಕು ವರ್ಷದವರೆಗೆ ಅಮಾನತಾಗಬಹುದು. ಕೊನೆಯ ಮೂರು ವರ್ಷಗಳಲ್ಲಿ ಎಸ್‌ಆರ್-22 ಸಲ್ಲಿಸಿ, ಅದನ್ನು ಕಡಿಯದಂತೆ ಕಾಪಾಡಿಕೊಂಡರೆ ಓಡಿಸಲು ಬಿಡುತ್ತಾರೆ.

ಅವಧಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾ, ಇಲಿನಾಯ್‌ಗಳಲ್ಲಿ ಸಾಮಾನ್ಯವಾಗಿ ಮೂರು ವರ್ಷ, ಟೆಕ್ಸಾಸ್‌ನಲ್ಲಿ ಎರಡು. ಅಲಾಸ್ಕಾ ಎಲ್ಲರಿಗಿಂತ ಕಠಿಣ. ಅಲ್ಲಿ ಕುಡಿದು ಓಡಿಸಿದ ಮೊದಲ ತಪ್ಪಿಗೆ ಐದು ವರ್ಷ, ಎರಡನೆಯದಕ್ಕೆ ಹತ್ತು, ಮೂರನೆಯದಕ್ಕೆ ಇಪ್ಪತ್ತು, ನಾಲ್ಕನೆಯ ಸಲಕ್ಕೆ ಜೀವನಪರ್ಯಂತ. ಫ್ಲೋರಿಡಾ ಮತ್ತು ವರ್ಜೀನಿಯಾಗಳು ಪಾನಮತ್ತ ಚಾಲಕರಿಗೆ ‘ಎಫ್‌ಆರ್-44’ ಎಂಬ ಇನ್ನೂ ಬಿಗಿಯಾದ ಪತ್ರ ಕೇಳುತ್ತವೆ. ಫ್ಲೋರಿಡಾದಲ್ಲಿ ಅದಕ್ಕೆ ಒಬ್ಬರಿಗೆ 1 ಲಕ್ಷ, ಒಂದು ಅಪಘಾತಕ್ಕೆ 3 ಲಕ್ಷ ಡಾಲರ್ ಮಿತಿಯ ವಿಮೆ ಇರಬೇಕು. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಉತ್ತರ ಕೆರೊಲಿನಾ, ಮಿನ್ನೆಸೋಟಾದಂಥ ಕೆಲವು ರಾಜ್ಯಗಳು ಎಸ್‌ಆರ್-22ರ ಗೋಜಿಗೇ ಹೋಗಿಲ್ಲ. ನ್ಯೂ ಹ್ಯಾಂಪ್‌ಶೈರ್ ವಿಚಿತ್ರ: ಸಾಮಾನ್ಯ ಚಾಲಕರು ವಿಮೆ ಮಾಡಿಸಲೇಬೇಕೆಂಬ ಕಾನೂನೇ ಅಲ್ಲಿಲ್ಲ, ಆದರೆ ತಪ್ಪು ಮಾಡಿದವರು ಎಸ್‌ಆರ್-22 ತರಬೇಕು. ಆ ವಿಚಿತ್ರದಲ್ಲೇ ಈ ಕಾಗದದ ಹುಟ್ಟಿನ ಗುಟ್ಟಿದೆ. ಅದಕ್ಕೆ ಮುಂದೆ ಬರೋಣ.

ಕಾಗದ ಓಡಾಡುವ ದಾರಿ

ಅಮಾನತಿನ ಪತ್ರ ಕೈಗೆ ಬಂದವರು ಸಾಮಾನ್ಯವಾಗಿ ಮೊದಲು ಮಾಡುವುದು ವಿಮಾ ಕಂಪನಿಗೆ ಫೋನ್. ಅದಕ್ಕೂ ಮೊದಲು ಮಾಡಬೇಕಾದ್ದು ಡಿಎಂವಿಯಿಂದ ತಮ್ಮ ಚಾಲನಾ ದಾಖಲೆ ತೆಗೆಸಿ ನೋಡುವುದು. ಒಂದೇ ಲೈಸೆನ್ಸಿನ ಮೇಲೆ ಎರಡು ಮೂರು ಅಮಾನತುಗಳು ಒಂದರ ಮೇಲೊಂದು ಕೂತಿರಬಹುದು. ಪಾನಮತ್ತ ಚಾಲನೆಯ ಪ್ರಕರಣದಲ್ಲಿ ಡಿಎಂವಿಯ ಕ್ರಮ ಬೇರೆ, ನ್ಯಾಯಾಲಯದ ಆದೇಶ ಬೇರೆ. ಎರಡೂ ತಮ್ಮ ಪಾಡಿಗೆ ತಾವು ನಡೆಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಬಂಧನವಾದ 10 ದಿನದೊಳಗೆ ಡಿಎಂವಿಯಲ್ಲಿ ವಿಚಾರಣೆ ಕೇಳಿಕೊಳ್ಳದಿದ್ದರೆ ಆ ಅವಕಾಶ ಹೋದಂತೆಯೇ. ಒಂದು ಅಮಾನತಿಗೆ ತರಬೇತಿ ಮುಗಿಸಿದ ಪ್ರಮಾಣಪತ್ರ ಬೇಕಾದರೆ, ಇನ್ನೊಂದಕ್ಕೆ ಉಸಿರು ಪರೀಕ್ಷಿಸಿಯೇ ಎಂಜಿನ್ ಚಾಲೂ ಮಾಡುವ ಯಂತ್ರ ಕಾರಿನಲ್ಲಿ ಅಳವಡಿಸಿರಬೇಕಾಗಬಹುದು. ಎಸ್‌ಆರ್-22 ಈ ಬೀಗದ ಕೈಗಳಲ್ಲಿ ಒಂದಷ್ಟೇ. ಅದು ಸಲ್ಲಿಕೆಯಾಯಿತೆಂದ ಮಾತ್ರಕ್ಕೆ ಲೈಸೆನ್ಸ್ ತಾನಾಗಿ ಮರಳುವುದಿಲ್ಲ. ಮರುಸ್ಥಾಪನೆ ಶುಲ್ಕ ಕಟ್ಟಬೇಕು, ರಾಜ್ಯ ತನ್ನ ದಾಖಲೆಯಲ್ಲಿ ಏರಿಸಿಕೊಳ್ಳಬೇಕು, ಅದು ಏರಿದ್ದನ್ನು ನಾವೇ ಖಚಿತಪಡಿಸಿಕೊಳ್ಳಬೇಕು.

ಈ ನಡುವಿನ ದಿನಗಳಲ್ಲೇ ಜನ ಕೆಡುವುದು. ‘ಕಂಪನಿಯವರು ಕಳಿಸಿದ್ದೇವೆ ಎಂದರಲ್ಲ’ ಎಂದು ಕೀಲಿ ತಿರುಗಿಸುತ್ತಾರೆ. ಬಹುತೇಕ ರಾಜ್ಯಗಳಲ್ಲಿ ಈಗ ಸಲ್ಲಿಕೆ ಎಲೆಕ್ಟ್ರಾನಿಕ್ ಆಗಿದೆ, ಹಾಗಿದ್ದರೂ ದಾಖಲೆಗೆ ಏರಲು ಸಮಯ ಹಿಡಿಯುತ್ತದೆ. ಇಲಿನಾಯ್‌ನಲ್ಲಿ 30 ದಿನದವರೆಗೂ ಆಗಬಹುದು. ಅಲ್ಲಿ ಲೈಸೆನ್ಸ್ ನೋಡಿಕೊಳ್ಳುವುದು ಡಿಎಂವಿ ಎಂಬ ಪ್ರತ್ಯೇಕ ಇಲಾಖೆಯಲ್ಲ, ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ಬೀದಿ ಮೂಲೆಯ ಏಜೆಂಟ್ ಬರೆದುಕೊಟ್ಟ ಪತ್ರ ಆ ಕಚೇರಿಗೆ ಸಲ್ಲದು, ಕಂಪನಿಯ ಕೇಂದ್ರ ಕಚೇರಿಯಿಂದಲೇ ಬರಬೇಕು. ಕ್ಯಾಲಿಫೋರ್ನಿಯಾದಲ್ಲಿ ಅಮಾನತಿನ ಅವಧಿಯಲ್ಲಿ ಓಡಿಸಿ ಸಿಕ್ಕರೆ ಅದು ದಂಡ ಕಟ್ಟಿ ಮರೆಯುವ ಚಲನ್ ಅಲ್ಲ, ಕ್ರಿಮಿನಲ್ ಪ್ರಕರಣ. ಕಾರನ್ನು 30 ದಿನ ಜಪ್ತಿ ಮಾಡಿ ಇಡುವ ಅಧಿಕಾರವೂ ಪೊಲೀಸರಿಗಿದೆ.

ಇನ್ನೊಂದು ತೊಡಕು ನಮ್ಮವರದ್ದೇ ಎನ್ನಬೇಕು. ಕಂಪನಿ ಕಳಿಸುವ ಎಸ್‌ಆರ್-22ರಲ್ಲಿನ ಹೆಸರು, ಹುಟ್ಟಿದ ದಿನ, ಲೈಸೆನ್ಸ್ ಸಂಖ್ಯೆ ಇವು ಡಿಎಂವಿಯ ದಾಖಲೆಯೊಂದಿಗೆ ತಾಳೆಯಾಗಬೇಕು. ನಮ್ಮ ಹೆಸರುಗಳ ಪಾಡು ಗೊತ್ತಿದೆಯಲ್ಲ. ಶಾಲೆಯ ದಾಖಲೆಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಅಪ್ಪನ ಹೆಸರು ಅಥವಾ ಊರಿನ ಹೆಸರು, ಕುಲನಾಮದ ಜಾಗ ಖಾಲಿ ಇದ್ದವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಚುಟುಕು). ಲೈಸೆನ್ಸಿನಲ್ಲಿ ಒಂದು ಬಗೆ, ವಿಮೆ ಕೊಳ್ಳುವಾಗ ಜಾಲತಾಣದಲ್ಲಿ ತುಂಬಿದ್ದು ಇನ್ನೊಂದು ಬಗೆ. ಮನುಷ್ಯ ಓದಿದರೆ ಒಬ್ಬರೇ ಎಂದು ತಿಳಿಯುತ್ತದೆ, ಯಂತ್ರಕ್ಕೆ ತಿಳಿಯುವುದಿಲ್ಲ. ತಾಳೆಯಾಗದ ಸಲ್ಲಿಕೆ ಅತಂತ್ರವಾಗಿ ಉಳಿಯುತ್ತದೆ, ಕಂಪನಿಯ ಗ್ರಾಹಕ ಸೇವೆಯವರು ‘ನಮ್ಮ ಕಡೆಯಿಂದ ಹೋಗಿದೆ’ ಎನ್ನುತ್ತಲೇ ಇರುತ್ತಾರೆ. ಪಾಲಿಸಿ ಕೊಳ್ಳುವಾಗಲೇ ಲೈಸೆನ್ಸ್ ಕಾರ್ಡನ್ನು ಮುಂದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ, ಖಾಲಿ ಜಾಗಕ್ಕೆ ಖಾಲಿ ಜಾಗ ಸರಿಹೊಂದಿಸುವುದು ಒಂದೇ ದಾರಿ.

ಎಲ್ಲ ಕಂಪನಿಗಳೂ ಎಸ್‌ಆರ್-22 ಸಲ್ಲಿಸುವುದಿಲ್ಲ ಎಂಬುದು ಬೇರೆ. ವರ್ಷಗಟ್ಟಲೆ ಪ್ರೀಮಿಯಂ ಕಟ್ಟಿಸಿಕೊಂಡ ಕಂಪನಿಯೇ ‘ಈ ಸೇವೆ ನಮ್ಮಲ್ಲಿಲ್ಲ’ ಎನ್ನಬಹುದು, ನವೀಕರಣದ ಹೊತ್ತಿಗೆ ಕೈಬಿಡಲೂಬಹುದು. ನ್ಯಾಯಾಲಯ ಬಿಟ್ಟಿತು, ರಾಜ್ಯವೂ ಬಿಡಲು ತಯಾರು, ಬರೆದುಕೊಡುವ ಕಂಪನಿ ಸಿಗುತ್ತಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಸ್ಥಿತಿ. ಹೆಚ್ಚು ಅಪಾಯದ ಚಾಲಕರಿಗೆಂದೇ ಇರುವ ಕಂಪನಿಗಳು ಆಗ ನೆನಪಾಗುತ್ತವೆ. ಅವೂ ಒಲ್ಲೆ ಎಂದರೆ ಬಹುತೇಕ ರಾಜ್ಯಗಳಲ್ಲಿ ಕೊನೆಯ ಆಸರೆಯಾಗಿ ಒಂದು ಹಂಚಿಕೆ ಯೋಜನೆ ಇರುತ್ತದೆ. ಯಾರಿಗೂ ಬೇಡವಾದ ಚಾಲಕರನ್ನು ಕಂಪನಿಗಳಿಗೆ ಅವುಗಳ ವಹಿವಾಟಿನ ಗಾತ್ರಕ್ಕೆ ತಕ್ಕಂತೆ ಕಡ್ಡಾಯವಾಗಿ ಹಂಚುತ್ತಾರೆ.

ಸ್ವಂತ ಕಾರಿಲ್ಲದವರಿಗೆ ‘ನಾನ್ ಓನರ್’ ಪಾಲಿಸಿ ಎಂಬುದಿದೆ. ಕಾರು ಮಾರಿದ್ದೇನೆ, ಆದರೆ ಲೈಸೆನ್ಸ್ ಬೇಕು ಎನ್ನುವವರಿಗೆ ಇದು ಅಗ್ಗದ ದಾರಿ, ಎಸ್‌ಆರ್-22 ಇದರ ಮೇಲೂ ಸಲ್ಲುತ್ತದೆ. ಗಂಡನ ಲೈಸೆನ್ಸ್ ಅಮಾನತಾದಾಗ ಕಾರನ್ನು ಹೆಂಡತಿಯ ಹೆಸರಿಗೆ ಮಾಡಿ, ಅವಳ ಪಾಲಿಸಿಯಿಂದ ಅವನನ್ನು ಹೊರಗಿಟ್ಟು, ಅವನಿಗೊಂದು ನಾನ್ ಓನರ್ ಪಾಲಿಸಿ ಮಾಡಿಸುವ ಜಾಣತನವೂ ಉಂಟು. ಕಾಗದದ ಮೇಲೆ ಎಲ್ಲ ಸರಿ. ಆದರೆ ಒಂದೇ ಮನೆಯಲ್ಲಿ ಸದಾ ಕೈಗೆ ಸಿಗುವ ಕಾರಿಗೆ ಈ ಪಾಲಿಸಿ ಅನ್ವಯಿಸುವುದಿಲ್ಲ. ಹಾಲು ತರಲೆಂದು ಅವನು ಆ ಕಾರನ್ನು ತೆಗೆದು ಯಾರಿಗಾದರೂ ಗುದ್ದಿದರೆ ಎರಡು ಪಾಲಿಸಿ ಇದ್ದೂ ಒಂದೂ ಒದಗುವುದಿಲ್ಲ.

ಒಂದು ದಿನದ ಅಂತರ

ಎಸ್‌ಆರ್-22ಕ್ಕೆಂದು ಕಂಪನಿ ಕೇಳುವ ಶುಲ್ಕ ಸಣ್ಣದು, ಸಾಮಾನ್ಯವಾಗಿ 25 ಡಾಲರ್ ಆಸುಪಾಸು. ದುಬಾರಿಯಾಗುವುದು ಹಿಂದಿರುವ ತಪ್ಪಿನಿಂದ. ಕ್ಯಾಲಿಫೋರ್ನಿಯಾದ ಮತದಾರರು 1988ರಲ್ಲಿ ಒಪ್ಪಿದ ‘ಪ್ರೊಪೊಸಿಷನ್ 103’ ಪ್ರಕಾರ ಒಳ್ಳೆಯ ಚಾಲಕರಿಗೆ ಶೇ 20ರಷ್ಟು ರಿಯಾಯಿತಿ ಕೊಡಬೇಕು. ಪಾನಮತ್ತ ಚಾಲನೆಗೆ ಶಿಕ್ಷೆಯಾದವರು ಅದನ್ನು 10 ವರ್ಷ ಕಳೆದುಕೊಳ್ಳುತ್ತಾರೆ. ಅಂದರೆ ಎಸ್‌ಆರ್-22 ಮೂರು ವರ್ಷಕ್ಕೆ ಮುಗಿದರೂ ಜೇಬಿನ ಶಿಕ್ಷೆ ಇನ್ನೂ ಏಳು ವರ್ಷ ಮುಂದುವರಿಯುತ್ತದೆ. ಇದನ್ನು ಅನ್ಯಾಯ ಎನ್ನಲು ನನಗೆ ಮನಸ್ಸಿಲ್ಲ. ಕುಡಿದು ಕಾರು ಓಡಿಸುವವರು ಬೇರೆಯವರ ಜೀವದ ಜತೆ ಆಡುತ್ತಾರೆ, ಅದರ ಬೆಲೆ ತೆರಲಿ.

ನನ್ನ ತಕರಾರು ಬೇರೆಡೆ ಇದೆ. ಈ ವ್ಯವಸ್ಥೆ ನಿಜಕ್ಕೂ ಅಳೆಯುವುದು ಚಾಲಕನ ನಡತೆಯನ್ನಲ್ಲ, ಅವನ ಬ್ಯಾಂಕ್ ಖಾತೆಯ ಸ್ಥಿರತೆಯನ್ನು. ಪಾಲಿಸಿ ರದ್ದಾದ ಕೂಡಲೇ ಕಂಪನಿ ‘ಎಸ್‌ಆರ್-26’ ಎಂಬ ಇನ್ನೊಂದು ನಮೂನೆಯನ್ನು ರಾಜ್ಯಕ್ಕೆ ಕಳಿಸುತ್ತದೆ. ರದ್ದಾದದ್ದು ಯಾಕೆಂದು ಆ ನಮೂನೆ ಯೋಚಿಸುವುದಿಲ್ಲ. ಡೆಬಿಟ್ ಕಾರ್ಡಿನ ಅವಧಿ ಮುಗಿದು ಕಂತು ಹೋಗಲಿಲ್ಲವೇ, ಕೆಲಸ ಹೋಗಿ ಆ ತಿಂಗಳು ದುಡ್ಡಿರಲಿಲ್ಲವೇ, ಹೊಸ ಕಂಪನಿಗೆ ಹೋಗುವಾಗ ಹಳೆಯದು ಶುಕ್ರವಾರ ಮುಗಿದು ಹೊಸದು ಸೋಮವಾರ ಆರಂಭವಾಯಿತೇ, ಎಲ್ಲವೂ ಒಂದೇ. ಲೈಸೆನ್ಸ್ ಮತ್ತೆ ಅಮಾನತು, ಮತ್ತೆ ಶುಲ್ಕ, ಹಲವು ರಾಜ್ಯಗಳಲ್ಲಿ ಮೂರು ವರ್ಷದ ಲೆಕ್ಕ ಮತ್ತೆ ಮೊದಲಿನಿಂದ. ಎರಡು ವರ್ಷ ಹನ್ನೊಂದು ತಿಂಗಳು ಒಂದು ತಪ್ಪೂ ಇಲ್ಲದೆ ಓಡಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಭಾರತಕ್ಕೆ ಹೋಗಿಬರುವವರಿಗೆ ಇದು ವಿಶೇಷವಾಗಿ ಕಾಡುವ ಕುಣಿಕೆ. ತಂಗಿಯ ಮದುವೆಗೆಂದೋ, ಅಪ್ಪನಿಗೆ ಶಸ್ತ್ರಚಿಕಿತ್ಸೆಯೆಂದೋ ಎರಡು ತಿಂಗಳು ಊರಿಗೆ ಹೋಗುವವರು ಓಡಿಸದ ಕಾರಿಗೆ ದುಡ್ಡು ಯಾಕೆ ಸುರಿಯಬೇಕೆಂದು ವಿಮೆ ನಿಲ್ಲಿಸುವುದು ಸಹಜ. ಎಸ್‌ಆರ್-22 ಇದ್ದವರು ಹೀಗೆ ಮಾಡಿದರೆ ವಿಮಾನ ಬೆಂಗಳೂರಿನಲ್ಲಿ ಇಳಿದ ಕೆಲವೇ ದಿನಗಳಲ್ಲಿ ಅಲ್ಲಿ ಲೈಸೆನ್ಸ್ ಅಮಾನತಾಗಬಹುದು. ನೋಟಿಸ್ ಖಾಲಿ ಮನೆಯ ಅಂಚೆಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ. ಮರಳಿ ಬಂದವರು ವಿಮೆಯನ್ನು ಮತ್ತೆ ಚಾಲೂ ಮಾಡಿಸಿ ನಿಶ್ಚಿಂತೆಯಿಂದ ಕೆಲಸಕ್ಕೆ ಹೊರಡುತ್ತಾರೆ, ರಸ್ತೆಯಲ್ಲಿ ಪೊಲೀಸರು ತಡೆದಾಗಲೇ ವಿಷಯ ತಿಳಿಯುವುದು. ಕಾರು ಕದಲಿತೇ ಇಲ್ಲವೇ ಎಂಬುದು ಈ ಕಾಗದಕ್ಕೆ ಮುಖ್ಯವಲ್ಲ. ಆರು ತಿಂಗಳ ಪ್ರೀಮಿಯಂ ಒಟ್ಟಿಗೆ ಕಟ್ಟಲು ಶಕ್ತಿಯಿದ್ದವರು ಹಾಗೆ ಮಾಡಿ ಈ ಅಪಾಯದಿಂದ ಪಾರಾಗುತ್ತಾರೆ. ತಿಂಗಳ ಸಂಬಳ ತಿಂಗಳಿಗೆ ಸರಿಹೋಗುವವರೇ ಸಿಕ್ಕಿಬೀಳುತ್ತಾರೆ.

ರಾಜ್ಯ ಬಿಟ್ಟು ರಾಜ್ಯಕ್ಕೆ ಹೋದರೂ ಇದು ಬಿಡುವುದಿಲ್ಲ. ಟೆಕ್ಸಾಸ್‌ನ ಷರತ್ತು ಹೊತ್ತವರು ಕೆಲಸ ಬದಲಿಸಿ ಎಸ್‌ಆರ್-22 ಕೇಳದ ನ್ಯೂಯಾರ್ಕಿಗೆ ಹೋದರೆಂದು ಇಟ್ಟುಕೊಳ್ಳಿ. ಟೆಕ್ಸಾಸ್‌ನಲ್ಲಿ ಬಗೆಹರಿಯದ ಅಮಾನತು ರಾಷ್ಟ್ರೀಯ ಚಾಲಕ ನೋಂದಣಿಯಲ್ಲಿ ಕಾಣುತ್ತಲೇ ಇರುತ್ತದೆ, ಹೊಸ ರಾಜ್ಯ ಲೈಸೆನ್ಸ್ ಕೊಡುವ ಮುನ್ನ ಅದನ್ನು ನೋಡುತ್ತದೆ. ಹೊಸ ಊರಿನ ಪಾಲಿಸಿಯ ಮೇಲೆ ಹಳೆಯ ರಾಜ್ಯಕ್ಕೆ ಎಸ್‌ಆರ್-22 ಕಳಿಸಬಲ್ಲ ಕಂಪನಿಯನ್ನು ಹುಡುಕುವುದೇ ಆಗ ಒಂದು ಕೆಲಸವಾಗುತ್ತದೆ.

ನೂರು ವರ್ಷದ ಹಿಂದಿನ ಕವಲು

ಇಷ್ಟೆಲ್ಲ ಯಾಕೆ ಬಂತು? 1920ರ ದಶಕದಲ್ಲಿ ಅಮೆರಿಕದ ರಸ್ತೆಗಳಲ್ಲಿ ಕಾರು ತುಂಬಿ, ಗುದ್ದಿದವನ ಬಳಿ ಪರಿಹಾರ ಕೊಡಲು ಕಾಸಿಲ್ಲ ಎಂಬ ದೂರು ಹೆಚ್ಚಿದಾಗ ಎರಡು ದಾರಿಗಳು ತೆರೆದುಕೊಂಡವು. ಮ್ಯಾಸಚೂಸೆಟ್ಸ್ 1927ರಿಂದ ಎಲ್ಲ ವಾಹನಕ್ಕೂ ವಿಮೆ ಕಡ್ಡಾಯ ಮಾಡಿತು. ನೆರೆಯ ಕನೆಕ್ಟಿಕಟ್ 1925ರಲ್ಲೇ ಬೇರೆ ದಾರಿ ಹಿಡಿದಿತ್ತು: ಅಪಘಾತ ಮಾಡಿದವರು ಮಾತ್ರ, ಮುಂದಿನ ಅಪಘಾತಕ್ಕೆ ತೆರಲು ತಮಗೆ ಶಕ್ತಿಯಿದೆ ಎಂದು ತೋರಿಸಬೇಕು. ಮೊದಲ ಗುದ್ದು ಪುಕ್ಕಟೆ ಎಂದು ಟೀಕಾಕಾರರು ಆಡಿಕೊಂಡರು. ಆದರೆ ವಿಮಾ ಕಂಪನಿಗಳಿಗೆ ಇದೇ ಹಿತವಾಗಿ ಕಂಡಿತು. ಎಲ್ಲರಿಗೂ ಕಡ್ಡಾಯವಾದರೆ ಸರ್ಕಾರ ದರಕ್ಕೂ ಕೈಹಾಕುತ್ತದೆ, ಬೇಡದವರನ್ನೂ ಒಪ್ಪಿಕೊಳ್ಳಬೇಕಾಗುತ್ತದೆ ಎಂಬ ಭಯ ಅವಕ್ಕಿತ್ತು. ದಶಕಗಳ ಕಾಲ ಬಹುತೇಕ ರಾಜ್ಯಗಳು ನಡೆದದ್ದು ಕನೆಕ್ಟಿಕಟ್‌ನ ದಾರಿಯಲ್ಲೇ.

ಆ ದಾರಿಯ ಕ್ರೌರ್ಯ ಜಾರ್ಜಿಯಾದಲ್ಲಿ ಬೆಳಕಿಗೆ ಬಂತು. 1968ರ ನವೆಂಬರ್‌ನಲ್ಲಿ ಬೆಲ್ ಎಂಬ ಪಾದ್ರಿಯ ಕಾರಿನ ಬದಿಗೆ ಐದು ವರ್ಷದ ಮಗುವೊಂದು ಸೈಕಲ್ ತಂದು ಬಡಿಯಿತು. ಪಾದ್ರಿಗೆ ವಿಮೆ ಇರಲಿಲ್ಲ. ಪೋಷಕರು 5 ಸಾವಿರ ಡಾಲರ್ ಪರಿಹಾರ ಕೇಳಿದರು. ಅಷ್ಟು ಹಣಕ್ಕೆ ಭದ್ರತೆ ಕೊಡಿ, ಇಲ್ಲವೇ ಲೈಸೆನ್ಸ್ ಬಿಡಿ ಎಂದಿತು ರಾಜ್ಯ. ತಪ್ಪು ತನ್ನದಲ್ಲ ಎಂದು ಹೇಳಲು ಆ ಹಂತದಲ್ಲಿ ಅವಕಾಶವೇ ಇರಲಿಲ್ಲ. ಹಳ್ಳಿಗಾಡಿನ ಮೂರು ಕಡೆಯ ಭಕ್ತರನ್ನು ನೋಡಿಕೊಳ್ಳುತ್ತಿದ್ದ ಅವರಿಗೆ ಕಾರಿಲ್ಲದೆ ವೃತ್ತಿಯೇ ಇಲ್ಲ. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ‘ಬೆಲ್ ವಿರುದ್ಧ ಬರ್ಸನ್’ ಪ್ರಕರಣದಲ್ಲಿ ಪಾದ್ರಿಯ ಪರ ನಿಂತಿತು. ಒಮ್ಮೆ ಕೊಟ್ಟ ಲೈಸೆನ್ಸ್ ಹೊಟ್ಟೆಪಾಡಿಗೆ ಆಧಾರವಾಗಿರಬಹುದು. ಹೊಣೆಗಾರಿಕೆ ಬರುವ ಸಾಧ್ಯತೆ ಇದೆಯೇ ಎಂದು ವಿಚಾರಿಸದೆ ಅದನ್ನು ಕಿತ್ತುಕೊಳ್ಳುವುದು ಸಂವಿಧಾನಕ್ಕೆ ವಿರುದ್ಧ ಎಂದಿತು.

1970ರ ದಶಕದಿಂದೀಚೆಗೆ ರಾಜ್ಯಗಳು ಒಂದೊಂದಾಗಿ ಮ್ಯಾಸಚೂಸೆಟ್ಸ್ ಕಡೆ ವಾಲಿದವು, ವಿಮೆ ಎಲ್ಲರಿಗೂ ಕಡ್ಡಾಯವಾಯಿತು. ಹಳೆಯ ದಾರಿಯ ಕಾಗದ ಮಾತ್ರ ಉಳಿದುಕೊಂಡಿತು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಎಸ್‌ಆರ್-22ಕ್ಕೆ ಇನ್ನೂ ಅರ್ಥವಿದೆ, ಅದು ಕನೆಕ್ಟಿಕಟ್ ತತ್ವವನ್ನು ಬಿಟ್ಟಿಲ್ಲ. ಉಳಿದೆಡೆ? ಕ್ಯಾಲಿಫೋರ್ನಿಯಾದಲ್ಲಿ 2006ರಿಂದ ಕಂಪನಿಗಳು ಖಾಸಗಿ ವಾಹನಗಳ ವಿಮೆಯ ಮಾಹಿತಿಯನ್ನು ಡಿಎಂವಿಗೆ ಎಲೆಕ್ಟ್ರಾನಿಕ್ ಆಗಿ ಕಳಿಸುತ್ತಿವೆ. ಟೆಕ್ಸಾಸ್‌ನಲ್ಲಿ ‘ಟೆಕ್ಸಾಸ್‌ಶ್ಯೂರ್’ ಎಂಬ ದತ್ತಾಂಶ ಜಾಲದಲ್ಲಿ ಪೊಲೀಸರು ನಂಬರ್ ಪ್ಲೇಟ್ ಹೊಡೆದು ವಿಮೆ ಇದೆಯೇ ಎಂದು ನೋಡುತ್ತಾರೆ. ವಿಮೆ ಕಡಿದರೆ ರಾಜ್ಯಕ್ಕೆ ಹೇಗೂ ತಿಳಿಯುತ್ತದೆ ಎಂದಮೇಲೆ ಪ್ರತ್ಯೇಕ ಮುಚ್ಚಳಿಕೆ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೊಂದು ಉತ್ತರವೂ ಇದೆ: ದತ್ತಾಂಶ ಹಿಂಬಾಲಿಸುವುದು ವಾಹನವನ್ನು, ಎಸ್‌ಆರ್-22 ಹಿಂಬಾಲಿಸುವುದು ಮನುಷ್ಯನನ್ನು. ಕಾರು ಮಾರಿ ಗೆಳೆಯನ ಕಾರು ಓಡಿಸುವವನು ವಾಹನದ ದತ್ತಾಂಶಕ್ಕೆ ಸಿಗುವುದಿಲ್ಲ. ಉತ್ತರ ಸರಿಯಿದೆ. ಆದರೆ ಒಂದು ದಿನದ ಅಂತರಕ್ಕೆ ಮೂರು ವರ್ಷವನ್ನು ಮೊದಲಿನಿಂದ ಎಣಿಸುವುದಕ್ಕೆ ಅದು ಉತ್ತರವಲ್ಲ. ಒಂದು ವಾರದ ಗಡುವು ಕೊಟ್ಟು, ಅಷ್ಟರಲ್ಲಿ ಸರಿಪಡಿಸಿದರೆ ಲೆಕ್ಕ ಮುಂದುವರಿಸಿದರೆ ರಸ್ತೆ ಸುರಕ್ಷತೆಗೆ ಏನು ನಷ್ಟ?

ಲೈಸೆನ್ಸ್ ಕಳೆದುಕೊಂಡವರು ಮನೆಯಲ್ಲಿ ಕೂರುತ್ತಾರೆ ಎಂಬ ನಂಬಿಕೆಯ ಮೇಲೆ ಇಡೀ ಕಟ್ಟಡ ನಿಂತಿದೆ. ಬಸ್ಸೇ ಇಲ್ಲದ ಊರುಗಳಲ್ಲಿ ಯಾರೂ ಹಾಗೆ ಕೂರುವುದಿಲ್ಲ, ಓಡಿಸುತ್ತಾರೆ, ಈ ಸಲ ವಿಮೆಯೂ ಇಲ್ಲದೆ. ಅಮೆರಿಕದಲ್ಲಿ ಸುಮಾರು ಏಳರಲ್ಲಿ ಒಬ್ಬ ಚಾಲಕನಿಗೆ ವಿಮೆ ಇಲ್ಲ ಎಂಬುದು ವಿಮಾ ಸಂಶೋಧನಾ ಮಂಡಳಿಯ ಅಂದಾಜು. ಕೆಲವು ರಾಜ್ಯಗಳು ಪಾಠ ಕಲಿತಿವೆ. ಟೆಕ್ಸಾಸ್ 2003ರಲ್ಲಿ ತಂದ ‘ಚಾಲಕರ ಜವಾಬ್ದಾರಿ ಯೋಜನೆ’ಯಲ್ಲಿ ದಂಡದ ಮೇಲೆ ವರ್ಷವರ್ಷ ಹೆಚ್ಚುವರಿ ಶುಲ್ಕ ಬೀಳುತ್ತಿತ್ತು, ಕಟ್ಟಲಾಗದವರ ಲೈಸೆನ್ಸ್ ಹೋಗುತ್ತಿತ್ತು, 2019ರಲ್ಲಿ ಅದನ್ನು ರದ್ದು ಮಾಡಿದರು. ಕ್ಯಾಲಿಫೋರ್ನಿಯಾ 2017ರಲ್ಲಿ ಸಂಚಾರ ದಂಡದ ಬಾಕಿಗಾಗಿ ಅಮಾನತು ಮಾಡುವುದನ್ನು ನಿಲ್ಲಿಸಿತು. ಕರ್ನಾಟಕದಲ್ಲಿ ಬಾಕಿ ದಂಡ ಕಟ್ಟಿದರೆ ಶೇ 50ರಷ್ಟು ರಿಯಾಯಿತಿ ಎಂದು 2023ರಲ್ಲೂ 2025ರಲ್ಲೂ ಜನರನ್ನು ಕರೆದದ್ದು ನೆನಪಾಗುತ್ತದೆ. ಕಾಯುತ್ತ ಕೂತವರಿಗೇ ಲಾಭ ಎಂಬ ಸಂದೇಶ ಹೋಗುತ್ತದೆ, ನಿಜ. ವಸೂಲಿಯ ಮಟ್ಟಿಗೆ ಮಾತ್ರ ನಮ್ಮವರ ಲೆಕ್ಕಾಚಾರ ಟೆಕ್ಸಾಸ್‌ಗಿಂತ ಮೇಲು.

ಭಾರತದಲ್ಲಿ ಎಸ್‌ಆರ್-22ರಂಥದ್ದು ಇಲ್ಲ, ಇರಲು ಸಾಧ್ಯವೂ ಇಲ್ಲ, ಏಕೆಂದರೆ ಇಲ್ಲಿ ವಿಮೆ ವಾಹನಕ್ಕೆ ಅಂಟಿಕೊಂಡದ್ದು. ಥರ್ಡ್ ಪಾರ್ಟಿ ಪ್ರೀಮಿಯಂ ನಿಗದಿಯಾಗುವುದು ಎಂಜಿನ್ನಿನ ಸಾಮರ್ಥ್ಯದ ಮೇಲೆ. ಓಡಿಸುವವರ ಚರಿತ್ರೆಯನ್ನು ಅದು ಕೇಳುವುದಿಲ್ಲ. ಸಾವು ಅಥವಾ ಗಾಯಕ್ಕೆ ಕಂಪನಿಯ ಹೊಣೆಗೆ ಮಿತಿಯೂ ಇಲ್ಲ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಎಷ್ಟು ಎನ್ನುತ್ತದೋ ಅಷ್ಟು. 30 ಸಾವಿರ ಡಾಲರ್‌ಗೆ ಕೈ ತೊಳೆದುಕೊಳ್ಳುವ ಕ್ಯಾಲಿಫೋರ್ನಿಯಾಗಿಂತ ಸತ್ತವರ ಕುಟುಂಬದ ದೃಷ್ಟಿಯಿಂದ ನಮ್ಮ ಕಾನೂನು ಉದಾರ. ಲೈಸೆನ್ಸ್ ಅಮಾನತಾದವರಿಂದಲೂ ನಾವು ವಿಮೆಯ ಪುರಾವೆ ಕೇಳುವುದಿಲ್ಲ. 2019ರ ತಿದ್ದುಪಡಿ ಅದನ್ನು ಹಿಂದಿರುಗಿಸುವ ಮೊದಲು ಚಾಲಕರಿಗೆ ಪುನಶ್ಚೇತನ ತರಬೇತಿ ಎಂಬ ಷರತ್ತು ತಂದಿದೆ. ಆದರೆ ಗಾಳಿ ಬದಲಾಗುತ್ತಿದೆ. ಸಂಚಾರ ಉಲ್ಲಂಘನೆಗಳನ್ನು ಪ್ರೀಮಿಯಂಗೆ ಜೋಡಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐನ ಕಾರ್ಯತಂಡ 2021ರಲ್ಲೇ ಶಿಫಾರಸು ಮಾಡಿದೆ. ಆ ದಾರಿಯಲ್ಲಿ ಹೋಗುವವರು ಕಂತು ತಪ್ಪಿದ್ದನ್ನೂ ಅಡ್ಡಾದಿಡ್ಡಿ ಓಡಿಸಿದ್ದನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಏನಾಗುತ್ತದೆ ಎಂಬುದನ್ನು ಅಮೆರಿಕದಲ್ಲಿ ನೋಡಿಬರಬಹುದು.

ವೀಸಾದ ಮೇಲಿರುವವರಿಗೆ ಒಂದು ಮಾತು. ಪಾನಮತ್ತ ಚಾಲನೆಯ ಬಂಧನವಾದರೆ, ಶಿಕ್ಷೆಯಾಗುವ ಮೊದಲೇ, ಅಮೆರಿಕದ ವಿದೇಶಾಂಗ ಇಲಾಖೆ ವೀಸಾವನ್ನು ಮುನ್ನೆಚ್ಚರಿಕೆಯಾಗಿ ರದ್ದುಪಡಿಸಬಹುದು. 2015ರಿಂದ ಈ ನೀತಿ ಇದೆ. ದೇಶದೊಳಗಿನ ಎಚ್-1ಬಿ ಸ್ಥಾನಮಾನ ಅದರಿಂದ ತಾನಾಗಿ ಹೋಗುವುದಿಲ್ಲ, ಆದರೆ ಹೊರಗೆ ಹೋದವರು ಹೊಸ ವೀಸಾ ಪಡೆದೇ ಮರಳಬೇಕು, ಅದಕ್ಕೆ ದೂತಾವಾಸ ಗೊತ್ತುಮಾಡಿದ ವೈದ್ಯರ ತಪಾಸಣೆಯನ್ನೂ ಎದುರಿಸಬೇಕಾಗಬಹುದು. ಎಸ್‌ಆರ್-22 ಸಲ್ಲಿಸಿ ಲೈಸೆನ್ಸ್ ಮರಳಿ ಬಂತೆಂದರೆ ಈ ಕಡೆಯ ಲೆಕ್ಕ ಚುಕ್ತಾ ಆಗುವುದಿಲ್ಲ. ವೀಸಾ ಅವಧಿಗೆ ಕಟ್ಟಿದ ಲೈಸೆನ್ಸ್ ಅವಧಿ ಮುಗಿಯುವುದು ಇನ್ನೂ ಬೇರೆ ವಿಷಯ. ಅದು ಅಮಾನತಲ್ಲ, ಅದಕ್ಕೆ ಎಸ್‌ಆರ್-22 ಬೇಕಿಲ್ಲ, ನವೀಕರಣದ ಕಾಗದ ಸಾಕು. ಎರಡನ್ನೂ ಕಲಸಿಕೊಂಡು ಏಜೆಂಟರಿಗೆ ದುಡ್ಡು ತೆರಬೇಡಿ.

ಇನ್ನು ಮೂರು ವರ್ಷ ಮುಗಿಯುವ ದಿನ. ಅವಧಿ ಮುಗಿಯಿತೆಂದು ರಾಜ್ಯ ಪತ್ರ ಬರೆದೇ ಬರೆಯುತ್ತದೆಂದು ಕಾಯುವಂತಿಲ್ಲ, ಕಂಪನಿ ತಾನಾಗಿ ಎಸ್‌ಆರ್-22 ತೆಗೆಯುತ್ತದೆಂದೂ ನಂಬುವಂತಿಲ್ಲ. ಲೆಕ್ಕ ಆರಂಭವಾಗುವ ದಿನ ಕೆಲವೆಡೆ ಶಿಕ್ಷೆಯಾದ ದಿನ, ಕೆಲವೆಡೆ ಲೈಸೆನ್ಸ್ ಮರಳಿದ ದಿನ. ತಮ್ಮ ಲೆಕ್ಕದಲ್ಲಿ ಮುಗಿಯಿತೆಂದು ವಾರ ಮೊದಲೇ ತೆಗೆಸಿದವರ ಹೆಸರಿನಲ್ಲಿ ಎಸ್‌ಆರ್-26 ಹೊರಡುತ್ತದೆ. ಡಿಎಂವಿಯಿಂದ ದಿನಾಂಕವನ್ನು ಬರಹದಲ್ಲಿ ಪಡೆದು, ಅದು ಕಳೆದ ಮೇಲೆ ಕಂಪನಿಗೆ ಹೇಳಬೇಕು. ಪಾಲಿಸಿಯನ್ನಂತೂ ಬಿಡಬಾರದು, ಎಸ್‌ಆರ್-22 ಹೋದರೂ ಕಾರಿಗೆ ವಿಮೆ ಬೇಕೇ ಬೇಕು.